ಮೋಗ್ಲಿಯ ಕಾಡನ್ನು ಡಿಸ್ನಿ ಹಗುರ ಮಾಡಿದ್ದು ಸರಿಯೇ? ಪರ-ವಿರೋಧ

1967ರ 'ದಿ ಜಂಗಲ್ ಬುಕ್' ಕಾರ್ಟೂನ್ ಸಿನಿಮಾ ಹುಟ್ಟಿದ್ದು ರಡ್ಯಾರ್ಡ್ ಕಿಪ್ಲಿಂಗ್ ಬರೆದ, ತೋಳಗಳ ನಡುವೆ ಬೆಳೆದ ಹುಡುಗ ಮೋಗ್ಲಿಯ ಮಕ್ಕಳ ಕಥೆಗಳಿಂದ. ಆದರೆ ಆ ಕಥೆಗಳಲ್ಲಿದ್ದ ಬರಗಾಲ, ಸಾವು, ಸೇಡು, ಕಾಡಿನ ಕಾನೂನು ಇವನ್ನೆಲ್ಲ ಸಿನಿಮಾ ಬಿಟ್ಟಿತು. ಹಾಡು, ಕುಣಿತ, ಗೆಳೆತನ ಇಟ್ಟುಕೊಂಡಿತು. ಮಕ್ಕಳಿಗೆ ಅಂತ ಸಿನಿಮಾ ಮಾಡುವಾಗ ಮೂಲ ಕಥೆಯನ್ನು ಇಷ್ಟು ಬದಲಿಸಬಹುದೇ? ಇಬ್ಬರು ಬರೆದಿದ್ದಾರೆ.

ಪರ: ಒಂದೇ ಗೆಳೆತನ, ಆದರೆ ಪೂರ್ತಿಯಾಗಿ

ಬದಲಿಸಬಹುದು. ಹಾಗೆ ಬದಲಿಸಿದ್ದರಿಂದಲೇ ಈ ಸಿನಿಮಾ ಇವತ್ತಿಗೂ ಮಕ್ಕಳನ್ನು ಹಿಡಿದು ಕೂರಿಸುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲು ಏನು ನಡೆಯಿತು ಅಂತ ನೋಡೋಣ. ಡಿಸ್ನಿ ಸ್ಟುಡಿಯೋದಲ್ಲಿ ಈ ಚಿತ್ರದ ಮೊದಲ ಕಥೆಯನ್ನು ಸಿದ್ಧ ಮಾಡಿದವರು ಬಿಲ್ ಪೀಟ್. ಅದು ಪುಸ್ತಕಕ್ಕೆ ಹತ್ತಿರವಿತ್ತು, ಗಂಭೀರವಾಗಿತ್ತು. ಅದಕ್ಕೆ ಹೊಂದುವ ಹಾಡುಗಳನ್ನು ಟೆರ್ರಿ ಗಿಲ್ಕಿಸನ್ ಬರೆದಿದ್ದರು. ವಾಲ್ಟ್ ಡಿಸ್ನಿಗೆ ಹಿಡಿಸಲಿಲ್ಲ. ಕಥೆಯಲ್ಲಿ ಕತ್ತಲು ಜಾಸ್ತಿಯಾಯಿತು ಅನ್ನಿಸಿತು. ಇಬ್ಬರಿಗೂ ಮಾತು ಕೂಡಿಬರದೆ 1964ರ ಆರಂಭದಲ್ಲಿ ಪೀಟ್ ಸ್ಟುಡಿಯೋ ಬಿಟ್ಟೇ ಹೋದರು. ಆಮೇಲೆ ಕಥೆಗೆ ಕೈ ಹಚ್ಚಿದ ಲ್ಯಾರಿ ಕ್ಲೆಮನ್ಸ್‌ಗೆ ವಾಲ್ಟ್ ಪುಸ್ತಕ ಕೊಟ್ಟು, ಮೊದಲ ಕೆಲಸ ಇದನ್ನು ಓದದೇ ಇರುವುದು ಅಂದರಂತೆ. ಈ ಪ್ರಸಂಗವನ್ನು ಲೇಖಕನಿಗೆ ಮಾಡಿದ ಅವಮಾನ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಎರಡು ಸಂಪುಟ ತುಂಬಾ ಹರಡಿರುವ, ಒಂದಕ್ಕೊಂದು ಸಡಿಲವಾಗಿ ಅಂಟಿಕೊಂಡ ಕಥೆಗಳಿಂದ ಒಂದೂಕಾಲು ಗಂಟೆಯ ಸಿನಿಮಾ ಮಾಡಬೇಕಾದವನು ಯಾವುದಾದರೂ ಒಂದು ಎಳೆಯನ್ನು ಹಿಡಿಯಲೇಬೇಕು. ವಾಲ್ಟ್ ಹಿಡಿದ ಎಳೆ ಇಷ್ಟೇ: ಮನೆ ಬಿಟ್ಟು ಹೋಗಲು ಒಪ್ಪದ ಹುಡುಗ, ಅವನನ್ನು ಕಳಿಸಲೇಬೇಕಾದ ದೊಡ್ಡವರು. ಗಿಲ್ಕಿಸನ್ ಹಾಡುಗಳಲ್ಲಿ ಉಳಿದದ್ದು ಒಂದೇ, ಬಾಲೂ ಅನ್ನುವ ಕರಡಿ ಹಾಡುವ ಹಾಡು. ಉಳಿದವನ್ನು ಶರ್ಮನ್ ಸಹೋದರರು ಹೊಸದಾಗಿ ಬರೆದರು. ಆ ಉಳಿದ ಒಂದೇ ಹಾಡು ಆಸ್ಕರ್ ನಾಮನಿರ್ದೇಶನ ಪಡೆಯಿತು. ವಾಲ್ಟ್ ಮಾತ್ರ ಸಿನಿಮಾ ತೆರೆಗೆ ಬರುವುದನ್ನು ನೋಡಲಿಲ್ಲ, 1966ರ ಡಿಸೆಂಬರ್ 15ರಂದು ತೀರಿಕೊಂಡರು. ಚಿತ್ರ ಬಂದಿದ್ದು 1967ರ ಅಕ್ಟೋಬರ್ 18ಕ್ಕೆ.

ಕಥೆ ಬದಲಿಸುವುದು ನಮಗೆ ಹೊಸದೂ ಅಲ್ಲ. ದುರ್ಗಸಿಂಹ 1031ರ ಸುಮಾರಿಗೆ ಕನ್ನಡದಲ್ಲಿ ಪಂಚತಂತ್ರ ಬರೆದಾಗ ವಿಷ್ಣುಶರ್ಮನ ಪಾಠ ಬಿಟ್ಟು ವಸುಭಾಗಭಟ್ಟನ ಪಾಠ ಹಿಡಿದ. ಯಕ್ಷಗಾನ ನೋಡುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪ್ರಸಂಗ ಅದೇ, ಪದ್ಯ ಅದೇ, ಅರ್ಥಧಾರಿ ಬದಲಾದರೆ ವಾಲಿಯೇ ಬದಲಾಗುತ್ತಾನೆ. ಒಂದು ರಾತ್ರಿ ಅಹಂಕಾರಿ, ಇನ್ನೊಂದು ರಾತ್ರಿ ಅನ್ಯಾಯಕ್ಕೊಳಗಾದ ಅಣ್ಣ. ಯಾರೂ ಎದ್ದು ನಿಂತು ಮೂಲದಲ್ಲಿ ಹೀಗಿಲ್ಲ ಅಂತ ಕೂಗುವುದಿಲ್ಲ. ಹೇಳಿದ್ದು ನಿಂತಿತೇ ಅಂತ ನೋಡುತ್ತಾರೆ.

ಹಾಗಾದರೆ ಇಲ್ಲಿ ನಿಂತಿತೇ? ನದಿಯ ದೃಶ್ಯವನ್ನೇ ತಗೊಳ್ಳಿ. ಬಾಲೂ ಮರಕ್ಕೆ ಬೆನ್ನು ಉಜ್ಜಿ ಉಜ್ಜಿ, ಸಾಲದೆ ಆ ಮರವನ್ನೇ ಕಿತ್ತು ಅದರಿಂದ ಬೆನ್ನು ಕೆರೆದುಕೊಂಡು, ಕೊನೆಗೆ ನೀರಿಗೆ ಬಿದ್ದು ತೇಲಿಕೊಂಡು ಹೋಗುತ್ತಾನೆ. ಮೋಗ್ಲಿ ಅವನ ಹೊಟ್ಟೆಯ ಮೇಲೆ ಕೂತಿರುತ್ತಾನೆ. ಕೈಯಿಂದ ಬರೆದ ಚಿತ್ರದಲ್ಲಿ ಇಷ್ಟು ತೂಕ ಬರಿಸುವುದು ಸಣ್ಣ ಮಾತಲ್ಲ. ಹುಡುಗ ಅಲುಗಿದರೆ ಹೊಟ್ಟೆ ಸ್ವಲ್ಪ ಒಳಗೆ ಹೋಗುತ್ತದೆ, ನೀರು ಪಕ್ಕಕ್ಕೆ ಸರಿಯುತ್ತದೆ. ಫ್ರಾಂಕ್ ಥಾಮಸ್, ಆಲಿ ಜಾನ್‌ಸ್ಟನ್ ಇಂಥವರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು. ಬಾಲೂಗೆ ಮೊದಲು ಇದ್ದದ್ದು ಚಿಕ್ಕ ಪಾತ್ರ. ಫಿಲ್ ಹ್ಯಾರಿಸ್ ದನಿ ಕೇಳಿದ ಮೇಲೆ ವಾಲ್ಟ್ ಅದನ್ನು ಬೆಳೆಸಿದರು, ಬೆಳೆದು ಬೆಳೆದು ಅದೇ ಸಿನಿಮಾದ ನಡುಗಂಬ ಆಯಿತು.

ಪುಸ್ತಕದ ಬಾಲೂ ಹೇಗಿದ್ದ ಗೊತ್ತಾ? ಅವನು ಮೇಷ್ಟ್ರು. ಪಾಠ ತಪ್ಪಿದರೆ ಹುಡುಗನಿಗೆ ಹೊಡೆಯುತ್ತಾನೆ. ಮೈಮೇಲೆ ಗಾಯದ ಗುರುತು ಬೀಳುವಷ್ಟು ಹೊಡೆಯುತ್ತಾನೆ, ಕರಿಚಿರತೆ ಬಘೀರಾಗೇ ಅದು ಸಹಿಸುವುದಿಲ್ಲ. ಗೊತ್ತಿಲ್ಲದೆ ಹಾಳಾಗುವುದಕ್ಕಿಂತ ಪ್ರೀತಿಸುವವನ ಕೈಯಲ್ಲಿ ಏಟು ತಿನ್ನುವುದು ಲೇಸು ಅಂತ ಬಾಲೂ ಸಮರ್ಥಿಸಿಕೊಳ್ಳುತ್ತಾನೆ. ಇದನ್ನು ಹಾಗೇ ತೆರೆಗೆ ತರಬೇಕಿತ್ತೇ? ನಮ್ಮ ತಲೆಮಾರಿನ ಎಷ್ಟೋ ಜನ ಇದೇ ವಾದ ಕೇಳಿಕೊಂಡು ಏಟು ತಿಂದವರು. ಆ ಹೊಡೆಯುವ ಮೇಷ್ಟ್ರನ್ನು ಡಿಸ್ನಿ ಮಗುವಿನ ಜೊತೆ ಕುಸ್ತಿ ಆಡುವ ಗೆಳೆಯನನ್ನಾಗಿ ಮಾಡಿದ್ದಕ್ಕೆ ನನಗೆ ಖುಷಿಯೇ ಇದೆ.

ಈ ಸಿನಿಮಾ ಬರೀ ತಮಾಷೆ ಅನ್ನುವವರು ಮಧ್ಯದ ಭಾಗವನ್ನು ಸರಿಯಾಗಿ ನೋಡಿಲ್ಲ. ಕಪಿಗಳ ಗಲಾಟೆ ಮುಗಿದ ರಾತ್ರಿ ಬಘೀರಾ ಬಾಲೂವನ್ನು ಪಕ್ಕಕ್ಕೆ ಕರೆದು ಹುಡುಗ ಇಲ್ಲಿದ್ದರೆ ಉಳಿಯುವುದಿಲ್ಲ ಅನ್ನುತ್ತಾನೆ. ಬಾಲೂ ಒಪ್ಪುವುದಿಲ್ಲ. ಅವನು ನನ್ನ ಮಗನಂತೆ, ನಾನೇ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಹುಲಿ ಶೇರ್ ಖಾನ್ ಹೆಸರು ಬಂದಾಗ ಮಾತ್ರ ಮುಖ ಇಳಿಯುತ್ತದೆ. ಮರುದಿನ ಬೆಳಗ್ಗೆ ಇಬ್ಬರೂ ನಡೆದು ಹೋಗುವಾಗ ಮೋಗ್ಲಿ ಕುಣಿಯುತ್ತಿರುತ್ತಾನೆ. ಬಾಲೂ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಸುಮ್ನೆ ಏನೋ ಬೇರೆ ಮಾತಾಡುತ್ತಾನೆ. ಕೊನೆಗೆ ಹೇಳಿಯೇ ಬಿಟ್ಟಾಗ ಹುಡುಗ ನೀನೂ ಬಘೀರಾ ಥರಾನೇ ಅಂತ ಓಡಿಹೋಗುತ್ತಾನೆ. ಓದಿಗೋಸ್ಕರ ಅಂತ ಮಗುವನ್ನು ಹಾಸ್ಟೆಲ್‌ನಲ್ಲೋ ಅಜ್ಜಿ ಮನೆಯಲ್ಲೋ ಬಿಟ್ಟು ಬಂದ ಯಾವ ಅಪ್ಪ ಅಮ್ಮನಾದರೂ ಆ ದೃಶ್ಯ ನೋಡಿ ಹೇಳಲಿ, ಇದು ಹಗುರವೇ?

ಭಯವನ್ನೂ ಪೂರ್ತಿ ತೆಗೆದಿಲ್ಲ. ಮಿಲ್ಟ್ ಕಾಲ್ ಚಿತ್ರಿಸಿದ ಶೇರ್ ಖಾನ್ ಎಲ್ಲಿಯೂ ಕಿರುಚುತ್ತಾ ಬರುವುದಿಲ್ಲ. ಜಾರ್ಜ್ ಸ್ಯಾಂಡರ್ಸ್ ಅವರ ತಣ್ಣನೆಯ, ಓದಿಕೊಂಡವರ ದನಿ. ಮುಖದಲ್ಲೂ ಅವರದೇ ಛಾಯೆ. ಬೇಟೆ ತಪ್ಪಿದರೂ ಸಭ್ಯವಾಗಿಯೇ ಮಾತಾಡುತ್ತಾನೆ. ಮೋಗ್ಲಿ ಎದುರು ನಿಂತಾಗ ಕಣ್ಣು ಮುಚ್ಚಿಕೊಂಡು, ಓಡಲು ಹತ್ತು ಎಣಿಸುವಷ್ಟು ಹೊತ್ತು ಕೊಡುತ್ತೇನೆ ಅನ್ನುತ್ತಾನೆ. ರಕ್ತ ಒಂದು ತೊಟ್ಟೂ ಕಾಣಿಸದೆ ಮಗುವಿಗೆ ಇವನು ಕೊಲ್ಲಬಲ್ಲ ಅಂತ ಗೊತ್ತಾಗುತ್ತದೆ. ಆಮೇಲೆ ಕಾಳಗ. ಬಾಲೂ ಕೆಳಗೆ ಬಿದ್ದು ಅಲುಗುವುದಿಲ್ಲ, ಮಳೆ ಸುರಿಯುತ್ತಿದೆ, ಬಘೀರಾ ಸತ್ತವನ ಗುಣಗಾನ ಮಾಡುತ್ತಿದ್ದಾನೆ, ಹುಡುಗ ಅಳುತ್ತಿದ್ದಾನೆ. ಐದು ವರ್ಷದ ಮಕ್ಕಳು ಇಲ್ಲಿ ಉಸಿರು ಬಿಗಿಹಿಡಿಯುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬಾಲೂ ಕಣ್ಣು ಬಿಟ್ಟಾಗ ಅವು ನಗುವ ನಗು ಬೇರೆಯೇ ಥರ. ಆ ವಯಸ್ಸಿಗೆ ಸಾವಿನ ಇಷ್ಟು ಪರಿಚಯ ಸಾಕು.

ಇನ್ನು ಮೂಲ, ಮೂಲ ಅಂತ ನಾವು ಇಷ್ಟು ಹಿಡಿದಾಡುವ ಆ ಪುಸ್ತಕ ಏನು? ಕಿಪ್ಲಿಂಗ್ 1865ರಲ್ಲಿ ಬಾಂಬೆಯಲ್ಲಿ ಹುಟ್ಟಿದವರು ನಿಜ. ಆದರೆ 1894 ಮತ್ತು 1895ರಲ್ಲಿ ಬಂದ ಈ ಎರಡು ಸಂಪುಟಗಳನ್ನು ಅವರು ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ. ಮಧ್ಯ ಭಾರತದ ಸಿಯೋನಿ ಕಾಡಿನ ವಿವರಗಳನ್ನು ಬೇರೆಯವರು ಬರೆದದ್ದನ್ನು ಓದಿ, ಹೇಳಿದ್ದನ್ನು ಕೇಳಿ ಕಟ್ಟಿದರು. ಅವರದ್ದೂ ಕಲ್ಪನೆಯ ಕಾಡೇ. ಅದರ ಒಳಗೆ ಇನ್ನೊಂದು ವಿಷಯವೂ ಇದೆ. ಮೊದಲ ಸಂಪುಟದ ಕೊನೆಯ ಕಥೆಯಲ್ಲಿ ಸೈನ್ಯದ ಪ್ರಾಣಿಗಳು ರಾತ್ರಿ ಮಾತಾಡಿಕೊಳ್ಳುತ್ತವೆ. ಕುದುರೆ ಸವಾರನ ಮಾತು ಕೇಳುತ್ತದೆ, ಸವಾರ ಮೇಲಿನವನ ಮಾತು ಕೇಳುತ್ತಾನೆ, ಹೀಗೆ ಮೇಲೆ ಮೇಲೆ ಹೋಗಿ ಕೊನೆಗೆ ಮಹಾರಾಣಿಯವರೆಗೆ. ನಿಮ್ಮಲ್ಲಿ ಆ ಶಿಸ್ತು ಇಲ್ಲದ್ದಕ್ಕೇ ನಿಮ್ಮ ಅಮೀರ ನಮ್ಮ ವೈಸರಾಯ್ ಆಜ್ಞೆ ಕೇಳಬೇಕಾಗಿದೆ ಅಂತ ಅಫ್ಘಾನಿಸ್ತಾನದವನಿಗೆ ಹೇಳುವ ಪಾಠ ಅಲ್ಲಿ ನೇರವಾಗಿಯೇ ಇದೆ. ಕಾಡಿನ ಕಾನೂನು ಅನ್ನುವುದರ ಹಿಂದೆಯೂ ಇದೇ ಮನಸ್ಸು ಸ್ವಲ್ಪ ಕೆಲಸ ಮಾಡಿದೆ ಅಂತ ಓದುವವರಿಗೆ ಅನ್ನಿಸದೇ ಇರದು. ಅದನ್ನು ಡಿಸ್ನಿ ಹೊತ್ತು ತರಲಿಲ್ಲ ಅಂತ ನಾವು ಯಾಕೆ ಕೊರಗಬೇಕು?

ಕೊನೆಯ ದೃಶ್ಯದ ಬಗ್ಗೆ ಜಾಸ್ತಿ ದೂರು ಬರುವುದು ನನಗೆ ಗೊತ್ತು. ಊರಿನ ಹತ್ತಿರ ಒಬ್ಬಳು ಹುಡುಗಿ ನೀರು ತರಲು ಬರುತ್ತಾಳೆ, ಕೊಡ ಉರುಳುತ್ತದೆ, ಮೋಗ್ಲಿ ಎತ್ತಿಕೊಡುತ್ತಾನೆ, ಅವಳ ಹಿಂದೆ ನಡೆಯುತ್ತಾನೆ. ಇಷ್ಟಕ್ಕೇ ಕಾಡು ಬಿಟ್ಟನೇ ಅಂತ ಕೇಳುತ್ತಾರೆ. ಇಡೀ ಸಿನಿಮಾದಲ್ಲಿ ಅವನನ್ನು ಎಲ್ಲರೂ ಎಳೆದಾಡಿದ್ದಾರೆ ಅನ್ನುವುದನ್ನು ಮರೆಯುತ್ತಾರೆ. ತೋಳಗಳ ಸಭೆ ಕಳಿಸಿತು, ಬಘೀರಾ ಎಳೆದ, ಕಪಿಗಳು ಹೊತ್ತೊಯ್ದವು, ಬಾಲೂ ಕೂಡ ಒತ್ತಾಯ ಮಾಡಿದ. ಮೊದಲ ಸಲ ಅವನನ್ನು ಯಾರೂ ತಳ್ಳುತ್ತಿಲ್ಲ. ಬಾಲೂ ವಾಪಸ್ ಬಾ ಅಂತ ಕರೆಯುತ್ತಿದ್ದಾನೆ. ಅವನು ತಿರುಗಿ ನೋಡಿ, ಭುಜ ಕುಣಿಸಿ, ಹೋಗುತ್ತಾನೆ. ಮಕ್ಕಳು ಬೆಳೆಯುವುದು ಹೀಗೇ ಅಲ್ವಾ? ನಾವು ಇನ್ನೂ ಸಿದ್ಧರಾಗಿರುವುದಿಲ್ಲ, ಅವರು ಹೊರಟಾಗಿರುತ್ತದೆ.

ವಿರೋಧ: ಮಗುವಿನ ಕೈಯಲ್ಲಿದ್ದುದನ್ನು ಕಿತ್ತುಕೊಂಡರು

ಮೇಲಿನ ಬರಹದ ಮುಖ್ಯ ಮಾತನ್ನು ನಾನೂ ಒಪ್ಪುತ್ತೇನೆ. ಕಥೆ ಬದಲಿಸುವುದು ತಪ್ಪಲ್ಲ. ಆದರೆ ತಾಳಮದ್ದಲೆಯಲ್ಲಿ ವಾಲಿಗೆ ಎಷ್ಟೇ ಹೊಸ ಅರ್ಥ ಹೇಳಿದರೂ ವಾಲಿ ಸಾಯುತ್ತಾನೆ. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಕಷ್ಟದ ಜಾಗವನ್ನು ಬಿಟ್ಟು ಮುಂದೆ ಹೋಗುವ ಅರ್ಥಧಾರಿಯನ್ನು ಯಾವ ಊರಿನಲ್ಲೂ ದೊಡ್ಡವನು ಅನ್ನುವುದಿಲ್ಲ. ಡಿಸ್ನಿ ಬಿಟ್ಟು ಹೋಗಿದ್ದು ಇಂಥ ಜಾಗಗಳನ್ನೇ.

ಹೆಬ್ಬಾವು ಕಾ ಒಬ್ಬನನ್ನು ನೋಡಿದರೆ ಸಾಕು. ಸಿನಿಮಾದಲ್ಲಿ ಕಾ ಎರಡು ಸಲ ಬರುತ್ತಾನೆ, ಎರಡೂ ಸಲ ಕಣ್ಣು ತಿರುಗಿಸಿ ಮೋಗ್ಲಿಯನ್ನು ಮಂಕು ಮಾಡಿ ನುಂಗಲು ನೋಡುತ್ತಾನೆ, ಎರಡೂ ಸಲ ಬಾಲಕ್ಕೆ ಗಂಟು ಬಿದ್ದು ನಗೆಪಾಟಲಾಗುತ್ತಾನೆ. ಪುಸ್ತಕದಲ್ಲಿ? ಕಪಿಗಳು ಹುಡುಗನನ್ನು ಹಾಳುಬಿದ್ದ ನಗರಕ್ಕೆ ಹೊತ್ತೊಯ್ದಾಗ ಬಾಲೂ ಮತ್ತು ಬಘೀರಾ ಸಹಾಯ ಕೇಳಿ ಹೋಗುವುದೇ ಕಾ ಹತ್ತಿರ. ಗೋಡೆ ಒಡೆದು ಮೋಗ್ಲಿಯನ್ನು ಹೊರಗೆ ತರುವವನು ಅವನೇ. ಮೋಗ್ಲಿ ಅವನಿಗೆ ನಾವಿಬ್ಬರೂ ಒಂದೇ ರಕ್ತ ಅಂತ ನಮಸ್ಕಾರ ಹೇಳುತ್ತಾನೆ. ಆಮೇಲೆ ಕಾ ಬೆಳದಿಂಗಳಲ್ಲಿ ಹಸಿವಿನ ನೃತ್ಯ ಶುರು ಮಾಡುತ್ತಾನೆ. ಸುತ್ತು, ಸುಳಿ, ಮತ್ತೆ ಸುತ್ತು. ಕಪಿಗಳು ಒಂದೊಂದೇ ಹೆಜ್ಜೆ ಅವನ ಬಾಯಿಯ ಕಡೆಗೆ ನಡೆಯುತ್ತವೆ. ಬಾಲೂ, ಬಘೀರಾ ಕೂಡ ಅವುಗಳ ಜೊತೆ ನಡೆಯುತ್ತಾರೆ! ಅಷ್ಟು ದೊಡ್ಡ ಕರಡಿ, ಅಷ್ಟು ಜಾಣ ಕರಿಚಿರತೆ, ಇಬ್ಬರಿಗೂ ಕಾಲು ತಡೆಯಲು ಆಗುವುದಿಲ್ಲ. ಮಂತ್ರ ತಟ್ಟದವನು ಒಬ್ಬನೇ, ಆ ಮನುಷ್ಯರ ಮಗು. ಅವನು ಇಬ್ಬರ ಭುಜದ ಮೇಲೂ ಕೈ ಇಟ್ಟಾಗ ಅವರಿಗೆ ಎಚ್ಚರವಾಗುತ್ತದೆ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಪುಸ್ತಕದಲ್ಲಿ ಮಗು ದೊಡ್ಡವರನ್ನು ಉಳಿಸುತ್ತದೆ. ಸಿನಿಮಾದಲ್ಲಿ ಆ ಮಂಕು ಕವಿದಿರುವುದೇ ಮಗುವಿಗೆ, ಉಳಿಸಲು ಯಾರಾದರೂ ಬರಬೇಕು ಅಥವಾ ಹಾವಿನ ಗಮನ ಬೇರೆ ಕಡೆ ಹೋಗಬೇಕು. ಮಕ್ಕಳಿಗೆ ಹೆದರಿಕೆ ಆಗಬಾರದು ಅಂತ ಬದಲಿಸಿದರು ಅನ್ನುತ್ತಾರಲ್ಲ, ಇಲ್ಲಿ ಬದಲಾದದ್ದು ಮಗುವಿನ ಶಕ್ತಿ. ಈ ಒಂದು ತಪ್ಪು ಇಡೀ ಸಿನಿಮಾದಲ್ಲಿ ಹರಡಿದೆ. ಪುಸ್ತಕದ ಮೋಗ್ಲಿ ಊರಿಗೆ ಹೋಗಿ ಬೆಂಕಿಯನ್ನು ಮಡಕೆಯಲ್ಲಿ ತಂದು, ಹಗಲೆಲ್ಲ ಕಾಪಾಡಿ, ತೋಳಗಳ ಸಭೆಯಲ್ಲಿ ಶೇರ್ ಖಾನ್ ಮುಖಕ್ಕೆ ಹಿಡಿದು, ಮುದಿ ನಾಯಕ ಅಕೇಲಾನ ಜೀವ ಉಳಿಸುತ್ತಾನೆ. ಸಿನಿಮಾದಲ್ಲಿ ಬೆಂಕಿ ಸಿಡಿಲಿನಿಂದ ಬೀಳುತ್ತದೆ, ಸರಿಯಾಗಿ ಪಕ್ಕದ ಮರಕ್ಕೇ. ಪುಸ್ತಕದಲ್ಲಿ ಅವನು ಎಮ್ಮೆ ಕೋಣಗಳ ಮಂದೆಯನ್ನು ಎರಡು ಭಾಗ ಮಾಡಿ, ಕಂದರದ ಎರಡೂ ಬಾಯಿಂದ ನುಗ್ಗಿಸಿ ಹುಲಿಯನ್ನು ಕೊಲ್ಲುತ್ತಾನೆ. ಅದು ದನ ಕಾಯುವ ಹುಡುಗ ತಲೆ ಓಡಿಸಿ ಮಾಡಿದ ಕೆಲಸ. ಸಿನಿಮಾದಲ್ಲಿ ಹುಲಿ ಬಾಲಕ್ಕೆ ಉರಿಯುವ ಕೊಂಬೆ ಕಟ್ಟಿಸಿಕೊಂಡು ಓಡಿಹೋಗುತ್ತದೆ. ಸಾಯುವುದಿಲ್ಲ. ನಾಳೆ ವಾಪಸ್ ಬಂದರೆ ಏನು ಗತಿ ಅಂತ ಯಾರೂ ಕೇಳುವುದಿಲ್ಲ.

ಹುಲಿಯನ್ನು ಕೊಲ್ಲುವುದು ಮಕ್ಕಳಿಗೆ ಬೇಡ ಅನ್ನುವ ವಾದಕ್ಕೆ ಉತ್ತರ ಅದೇ 1967ರಲ್ಲಿ ಸಿಕ್ಕಿದೆ. ಆ ವರ್ಷವೇ ಸೋವಿಯತ್ ಒಕ್ಕೂಟದ ಸೋಯುಜ್‌ಮುಲ್ಟ್‌ಫಿಲ್ಮ್ ಸ್ಟುಡಿಯೋ ರೋಮನ್ ದಾವಿದೋವ್ ನಿರ್ದೇಶನದಲ್ಲಿ 'ಮೌಗ್ಲಿ' ಕಾರ್ಟೂನ್‌ನ ಮೊದಲ ಭಾಗ ತಂದಿತು. 1971ರವರೆಗೆ ಒಟ್ಟು ಐದು ಭಾಗ. ಅಲ್ಲಿ ಬಘೀರಾ ಹೆಣ್ಣು, ಅದು ಅವರು ಮಾಡಿಕೊಂಡ ಬದಲಾವಣೆ, ಚೆನ್ನಾಗಿಯೇ ಇದೆ. ಶೇರ್ ಖಾನ್ ಸಾಯುತ್ತಾನೆ, ಸೀಳುನಾಯಿಗಳ ಯುದ್ಧವಿದೆ, ಅಕೇಲಾ ಸಾಯುತ್ತಾನೆ, ಮೋಗ್ಲಿ ಕಾಡು ಬಿಡುತ್ತಾನೆ. ಅಲ್ಲಿನ ಮಕ್ಕಳು ತಲೆಮಾರುಗಟ್ಟಲೆ ಅದನ್ನೇ ನೋಡಿ ಬೆಳೆದರು. ಅವರೂ ಮಕ್ಕಳೇ ತಾನೆ?

ಈಗ ಕಾಡಿನ ಕಾನೂನಿನ ವಿಷಯ. ಅದರ ಹಿಂದೆ ಸಾಮ್ರಾಜ್ಯದ ಮನಸ್ಸಿದೆ ಅಂತ ಬರೆದಿದ್ದಾರೆ. ಇದೆ. ಕಿಪ್ಲಿಂಗ್ ಬ್ರಿಟಿಷ್ ಆಳ್ವಿಕೆಯ ಪರ ಇದ್ದವರು, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಡಿಸ್ನಿ ಅದನ್ನು ತೆಗೆದುಹಾಕಿತು ಅನ್ನುವುದನ್ನು ಒಪ್ಪಲಾರೆ. ಪುಸ್ತಕದ ಹಾಥಿ ಕಾಡಿನ ಹಿರಿಯ, ಯಾರಿಗೂ ಸಲಾಂ ಹೊಡೆಯದ ಕಾಡಾನೆ. ಬೇಟೆಗಾರರ ಗುಂಡಿಯಿಂದ ಗಾಯ ಮಾಡಿಕೊಂಡು ತಪ್ಪಿಸಿಕೊಂಡು, ಭರತಪುರದ ಹೊಲಗಳನ್ನು ತುಳಿದು ಸೇಡು ತೀರಿಸಿಕೊಂಡವನು. ಅವನನ್ನು ಸಿನಿಮಾ ವಿಕ್ಟೋರಿಯಾ ಕ್ರಾಸ್ ಶೌರ್ಯ ಪದಕ ಸಿಕ್ಕಿತ್ತು ಅಂತ ಕೊಚ್ಚಿಕೊಳ್ಳುವ ಬ್ರಿಟಿಷ್ ಕರ್ನಲ್ ಮಾಡಿತು. ಸಾಮ್ರಾಜ್ಯ ಹೋಗಲಿಲ್ಲ, ಮುದ್ದಾಯಿತು. ಕಪಿಗಳಿಗೆ ರಾಜನೇ ಇಲ್ಲ ಅನ್ನುವುದು ಪುಸ್ತಕದ ಮುಖ್ಯ ಮಾತು. ಸಿನಿಮಾ ಅವಕ್ಕೆ ಲೂಯಿ ಅನ್ನುವ ರಾಜನನ್ನು ತಂದಿತು, ಅದೂ ಒರಾಂಗುಟಾನ್. ಬೋರ್ನಿಯೋ, ಸುಮಾತ್ರಾದಲ್ಲಿ ಬಿಟ್ಟರೆ ಎಲ್ಲಿಯೂ ಕಾಡಿನಲ್ಲಿ ಕಾಣದ ಪ್ರಾಣಿ. ಅವನು ಜಾಜ್ ಶೈಲಿಯಲ್ಲಿ ನಾನೂ ಮನುಷ್ಯನಾಗಬೇಕು ಅಂತ ಹಾಡುತ್ತಾನೆ. ದನಿ ಕೊಟ್ಟ ಲೂಯಿ ಪ್ರೀಮಾ ಇಟಲಿ ಮೂಲದವರು. ಆದರೂ ಕಪ್ಪು ಜನ ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ಆ ದಿನಗಳ ಅಮೆರಿಕದಲ್ಲಿ, ಅವರದೇ ಸಂಗೀತವನ್ನು ಒಂದು ಕಪಿಯ ಬಾಯಲ್ಲಿ ಈ ಮಾತಿನೊಂದಿಗೆ ಇಟ್ಟದ್ದು ಹಲವರಿಗೆ ನೋವಾಯಿತು. ನನಗೂ ಆ ಹಾಡು ಕೇಳುವಾಗ ಕಾಲು ಕುಣಿಯುತ್ತದೆ, ಮನಸ್ಸು ಮಾತ್ರ ಒಪ್ಪುವುದಿಲ್ಲ.

ಕಾನೂನು ಅಂದರೆ ಪುಸ್ತಕದಲ್ಲಿ ಬರೀ ಶಿಸ್ತಲ್ಲ. ಅದು ಹಸಿವು ಮತ್ತು ನೀರಿನ ಲೆಕ್ಕ. ಎರಡನೇ ಸಂಪುಟದ ಮೊದಲ ಕಥೆಯಲ್ಲಿ ಚಳಿಗಾಲದ ಮಳೆ ಕೈಕೊಡುತ್ತದೆ. ಬಾಲೂಗೆ ಇಷ್ಟವಾದ ಹಿಪ್ಪೆ ಮರ ಹೂ ಬಿಡುವುದಿಲ್ಲ. ವೈನ್‌ಗಂಗಾ ನದಿ ಇಳಿದು ಇಳಿದು ನಡುವೆ ಒಂದು ಬಂಡೆ ಮೇಲೇಳುತ್ತದೆ. ಆ ಬಂಡೆ ಕಂಡ ತಕ್ಷಣ ಹಾಥಿ ಸೊಂಡಿಲು ಎತ್ತಿ ಸಾರುತ್ತಾನೆ: ಇನ್ನು ಮೇಲೆ ನೀರಿನ ಹತ್ತಿರ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಒಂದು ದಡದಲ್ಲಿ ಜಿಂಕೆ, ಇನ್ನೊಂದು ದಡದಲ್ಲಿ ಹುಲಿ, ಎರಡೂ ಬಡಕಲಾಗಿ, ಒಂದೇ ನೀರು ಕುಡಿಯುತ್ತವೆ. ಮಾರ್ಚ್ ಏಪ್ರಿಲ್‌ನಲ್ಲಿ ಬಂಡೀಪುರದ ಕೆರೆ ಬತ್ತುವುದನ್ನು ನೋಡಿದವರಿಗೆ, ಕಬಿನಿ ಹಿನ್ನೀರು ಇಳಿದಾಗ ಆನೆಗಳ ಹಿಂಡು ಹುಲ್ಲಿಗೆ ನೀರಿಗೆ ಅಂತ ಅಲ್ಲಿ ಸೇರುವುದನ್ನು ನೋಡಿದವರಿಗೆ ಈ ಕಥೆ ಓದುವಾಗ ಬೆನ್ನು ನೆಟ್ಟಗಾಗುತ್ತದೆ. ಡಿಸ್ನಿಯ ಕಾಡಿನಲ್ಲಿ ಬೇಸಿಗೆಯೇ ಇಲ್ಲ. ಹಣ್ಣು ಯಾವಾಗಲೂ ಕೈಗೆಟುಕುತ್ತದೆ, ನದಿ ಯಾವಾಗಲೂ ತುಂಬಿರುತ್ತದೆ. ಬಾಲೂ ಹೊಟ್ಟೆಯ ಮೇಲೆ ತೇಲುವುದು ಚಂದ ನಿಜ, ಅದಕ್ಕೆ ನೀರು ಬೇಕು ಅನ್ನುವುದನ್ನು ಆ ಸಿನಿಮಾ ಒಂದು ಸಲವೂ ಯೋಚಿಸುವುದಿಲ್ಲ.

ಕಿಪ್ಲಿಂಗ್ ಕಾಡೂ ಕಲ್ಪನೆಯೇ ಅಂದರು. ಇರಬಹುದು, ಆದರೆ ಅದಕ್ಕೆ ವಿಳಾಸ ಇದೆ. ಸಿಯೋನಿ ಬೆಟ್ಟ, ವೈನ್‌ಗಂಗಾ ನದಿ, ದಖ್ಖನ್ ಕಡೆಯಿಂದ ನುಗ್ಗಿ ಬರುವ ಸೀಳುನಾಯಿಗಳು, ಅವುಗಳನ್ನು ಮುಗಿಸಲು ಮೋಗ್ಲಿ ಎಬ್ಬಿಸುವ ಬಂಡೆಗಲ್ಲಿನ ಜೇನು. ನಮ್ಮ ಹಳ್ಳಿಗಳಲ್ಲಿ ಹೆಜ್ಜೇನು ಎದ್ದಾಗ ಓಡಿದವರು ಆ ಪುಟಗಳನ್ನು ಓದಿದರೆ ಮೈ ಜುಂ ಅನ್ನುತ್ತದೆ. ಇದೇ ಪುಸ್ತಕದ ಆನೆ ಹುಡುಗ ತೂಮಾಯಿಯ ಕಥೆ 'ಎಲಿಫೆಂಟ್ ಬಾಯ್' ಸಿನಿಮಾ ಆಯಿತು, 1937ರಲ್ಲಿ. ಅದಕ್ಕೆ ಚಿತ್ರೀಕರಣ ನಡೆದದ್ದು ಮೈಸೂರು ಸೀಮೆಯಲ್ಲಿ. ಹುಡುಗನ ಪಾತ್ರಕ್ಕೆ ಸಿಕ್ಕಿದವನು ಎಚ್.ಡಿ. ಕೋಟೆ ಕಡೆಯ ಕಾರಾಪುರದ ಮಾವುತನ ಮಗ ಸಾಬು. ಅದೇ ಸಾಬು 1942ರ 'ಜಂಗಲ್ ಬುಕ್' ಸಿನಿಮಾದಲ್ಲಿ ಮೋಗ್ಲಿಯಾದ. ಕಬಿನಿ ದಡದಲ್ಲಿ ಆನೆಗಳ ನಡುವೆ ಬೆಳೆದ ಹುಡುಗ ಹಾಲಿವುಡ್‌ನ ಮೋಗ್ಲಿ ಆಗಿದ್ದ ಅನ್ನುವುದನ್ನು ನಮ್ಮ ಮಕ್ಕಳಿಗೆ ಎಷ್ಟು ಜನ ಹೇಳಿದ್ದೇವೆ? ಡಿಸ್ನಿಯ ಮೋಗ್ಲಿಗೆ ದನಿ ನಿರ್ದೇಶಕ ವುಲ್ಫ್‌ಗ್ಯಾಂಗ್ ರೈದರ್‌ಮನ್ ಅವರ ಮಗನದು. ಹುಡುಗ ಚೆನ್ನಾಗಿಯೇ ಮಾತಾಡಿದ್ದಾನೆ. ಆದರೆ ಆ ಮೋಗ್ಲಿ ಯಾವ ದೇಶದವನು ಅಂತ ಕೇಳಿದರೆ ಹಣೆಯ ಮೇಲಿನ ಕೂದಲು, ಕೆಂಪು ಚಡ್ಡಿ ಬಿಟ್ಟು ಏನೂ ಸಿಗುವುದಿಲ್ಲ. 1993ರಲ್ಲಿ ಭಾನುವಾರ ದೂರದರ್ಶನದಲ್ಲಿ ಬರುತ್ತಿದ್ದ ಜಪಾನಿನ ಧಾರಾವಾಹಿ ಕೂಡ ಇದಕ್ಕಿಂತ ಜಾಸ್ತಿ ಹೊತ್ತು ತೋಳಗಳ ಮನೆಯೊಳಗೆ ಕೂತಿತ್ತು. ಹಿಂದಿ ಬಾರದ ಮಕ್ಕಳೂ ಗುಲ್ಜಾರ್ ಬರೆದ ಆ ಹಾಡನ್ನು ಗುನುಗಿದ್ದು ಸುಮ್ನೆ ಅಲ್ಲ.

ತೋಳಗಳ ಮನೆ ಅಂದೆ. ಸಿನಿಮಾದಲ್ಲಿ ತಾಯಿ ತೋಳ ಕೆಲವೇ ಕ್ಷಣ ಕಾಣಿಸುತ್ತದೆ, ಒಂದು ಮಾತಿಲ್ಲ. ಪುಸ್ತಕದ ರಕ್ಷಾ ಗುಹೆಯ ಬಾಯಲ್ಲಿ ನಿಂತು ಹುಲಿಗೆ ಎದುರಾಡುತ್ತಾಳೆ: ಈ ಮರಿ ನನ್ನದು, ಇದು ಬದುಕುತ್ತದೆ, ಒಂದು ದಿನ ನಿನ್ನನ್ನೇ ಬೇಟೆಯಾಡುತ್ತದೆ ಅಂತ. ಮೊದಲ ಕಥೆಯಲ್ಲೇ ಅವಳು ಹೇಳಿದ್ದು ಮುಂದೆ ನಡೆಯುತ್ತದೆ. ಒಂದು ಗೆಳೆತನವನ್ನು ಪೂರ್ತಿ ತೋರಿಸಲು ಒಬ್ಬಳು ತಾಯಿಯನ್ನು ಪೂರ್ತಿ ಅಳಿಸಬೇಕಿತ್ತೇ?

ಬಾಲೂ ಹೊಡೆಯುವ ವಿಷಯದಲ್ಲಿ ನನ್ನ ತಕರಾರಿಲ್ಲ. ಆ ಏಟು ತೆಗೆದದ್ದು ಒಳ್ಳೆಯದೇ. ಆದರೆ ಏಟಿನ ಜೊತೆಗೆ ಪಾಠವನ್ನೂ ತೆಗೆದರು. ಪ್ರತಿ ಪ್ರಾಣಿಯ ಮಾತಿನಲ್ಲಿ ರಕ್ಷಣೆ ಕೇಳುವ ಮಂತ್ರವನ್ನು ಹುಡುಗನಿಗೆ ಕಲಿಸಿದವನು ಬಾಲೂ. ಕಪಿಗಳು ಹೊತ್ತೊಯ್ಯುವಾಗ ಮೇಲೆ ಹಾರುವ ಹದ್ದಿಗೆ ಅದೇ ಮಾತು ಹೇಳಿ ಮೋಗ್ಲಿ ಸುದ್ದಿ ಕಳಿಸುತ್ತಾನೆ. ಕಲಿತ ವಿದ್ಯೆಯಿಂದ ಬದುಕುತ್ತಾನೆ. ಸಿನಿಮಾದ ಬಾಲೂ ಕಲಿಸುವುದು ಚಿಂತೆ ಬಿಡು, ಸಿಕ್ಕಿದ್ದರಲ್ಲಿ ಸುಖವಾಗಿರು ಅನ್ನುವುದನ್ನು. ಆ ಮಾತು ಮುಗಿಯುವಷ್ಟರಲ್ಲೇ ಕಪಿಗಳು ಮೇಲಿಂದ ಹುಡುಗನನ್ನು ಎತ್ತಿಕೊಂಡು ಹೋಗುತ್ತವೆ, ಪಾಪ ಬಾಲೂಗೆ ಏನೂ ಮಾಡಲಾಗುವುದಿಲ್ಲ.

ಬಾಲೂ ಸತ್ತಂತೆ ಮಲಗುವ ದೃಶ್ಯವನ್ನು ಹೊಗಳಿದ್ದಾರೆ. ನನಗೆ ತುಂಬಾ ಬೇಸರ ತರುವ ಜಾಗ ಅದೇ. ಬಘೀರಾ ಎದೆ ತುಂಬಿ ಮಾತಾಡುತ್ತಾನೆ, ಮಗು ಅಳುತ್ತದೆ, ಆಮೇಲೆ ನೋಡಿದರೆ ಸತ್ತವನು ಆ ಹೊಗಳಿಕೆ ಕೇಳುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಮಗುವಿನ ದುಃಖವನ್ನು ಅಷ್ಟು ಎತ್ತರಕ್ಕೆ ಒಯ್ದು ತಮಾಷೆ ಮಾಡಿಬಿಟ್ಟರು. ಕಿಪ್ಲಿಂಗ್ ಹೀಗೆ ಮಾಡುವುದಿಲ್ಲ. ಸಾಕಿದ ಅಪ್ಪ ತೋಳ, ಅಮ್ಮ ತೋಳ ಸತ್ತರು, ಮೋಗ್ಲಿ ಅವರ ಗುಹೆಯ ಬಾಯಿಗೆ ದೊಡ್ಡ ಬಂಡೆ ಉರುಳಿಸಿ ಸಾವಿನ ಹಾಡು ಹಾಡಿದ ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಈ ಕಥೆಗಳನ್ನು ನಾನು ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಾ ಬಂದಿದ್ದೇನೆ. ಆ ಬಂಡೆ ಬಂದಾಗ ಒಂಬತ್ತು ಹತ್ತು ವರ್ಷದವರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಮುಂದೆ ಏನಾಯಿತು ಅಂತಲೇ ಕೇಳುತ್ತಾರೆ. ಯಾರೂ ಮುರಿದು ಬಿದ್ದಿಲ್ಲ.

ಇನ್ನು ಆ ಕೊಡದ ಹುಡುಗಿ. ಯಾರೂ ತಳ್ಳದೆ ತಾನೇ ಹೋದ ಅನ್ನುವುದು ಒಳ್ಳೆಯ ವಾದ, ಅದನ್ನು ಓದಿ ನಾನೂ ಆ ದೃಶ್ಯವನ್ನು ಮತ್ತೆ ನೋಡಿದೆ. ಆದರೂ ಹೋಗುವುದಕ್ಕೆ ಅವನೇನೂ ಕಳೆದುಕೊಳ್ಳುವುದಿಲ್ಲ. ಅವನು ಮರೆಯಾದ ಕೂಡಲೇ ಬಾಲೂ, ಬಘೀರಾ ಹೆಗಲ ಮೇಲೆ ಕೈ ಹಾಕಿಕೊಂಡು ಕುಣಿಯುತ್ತಾ ವಾಪಸ್ ಹೊರಡುತ್ತಾರೆ. ಪುಸ್ತಕದಲ್ಲಿ ಮೋಗ್ಲಿಯನ್ನು ತೋಳಗಳೂ ಹೊರಹಾಕಿರುತ್ತವೆ, ಊರಿನವರೂ ಮಾಟಗಾರ ಅಂತ ಕಲ್ಲು ಹೊಡೆದು ಓಡಿಸಿರುತ್ತಾರೆ. ಎರಡೂ ಕಡೆ ಸೇರದ ಹುಡುಗ ಅವನು. ಮೊದಲ ಸಲ ಕಾಡು ಬಿಡುವಾಗ ಅವನ ಕಣ್ಣಲ್ಲಿ ನೀರು ಬರುತ್ತದೆ. ಇದೇನು, ನಾನು ಸಾಯುತ್ತಿದ್ದೇನಾ ಅಂತ ಬಘೀರಾನನ್ನು ಕೇಳುತ್ತಾನೆ. ಮನುಷ್ಯರಿಗೆ ಬರುವ ಕಣ್ಣೀರು ಅದು, ಬೀಳಲಿ ಬಿಡು ಅನ್ನುತ್ತಾನೆ ಬಘೀರಾ. ಆ ಬಘೀರಾ ಕೂಡ ಉದಯಪುರದ ಅರಮನೆಯ ಪಂಜರದಲ್ಲಿ ಹುಟ್ಟಿದವನು. ಅವನ ತಾಯಿ ಸತ್ತದ್ದು ಅಲ್ಲಿಯೇ. ಗದ್ದದ ಕೆಳಗೆ ಕೊರಳಪಟ್ಟಿ ಉಜ್ಜಿ ಕೂದಲು ಹೋದ ಸಣ್ಣ ಜಾಗ ಇದೆ. ಅದನ್ನು ಮೋಗ್ಲಿಗೆ ಮಾತ್ರ ಮುಟ್ಟಲು ಬಿಡುತ್ತಾನೆ. ಸಿನಿಮಾದ ಬಘೀರಾಗೆ ಇಂಥ ಗತಕಾಲವೇ ಇಲ್ಲ, ಅವನು ಗದರಿಸುವ ಚಿಕ್ಕಪ್ಪ ಅಷ್ಟೇ.

ಮೋಗ್ಲಿಯನ್ನು ತೋಳಗಳ ಹಿಂಡಿಗೆ ಸೇರಿಸಿಕೊಳ್ಳಲು ಮೊದಲ ಕಥೆಯಲ್ಲಿ ಬಘೀರಾ ಒಂದು ಹೋರಿಯನ್ನು ಬೆಲೆಯಾಗಿ ಕೊಟ್ಟಿದ್ದ. ಹದಿನೇಳು ವರ್ಷದ ಹುಡುಗನಾಗಿ ಅವನು ಶಾಶ್ವತವಾಗಿ ಹೊರಡುವ ರಾತ್ರಿ ಬಘೀರಾ ತಡವಾಗಿ ಬರುತ್ತಾನೆ, ಪಾದದಿಂದ ರಕ್ತ ತೊಟ್ಟಿಕ್ಕುತ್ತಿದೆ. ಇನ್ನೊಂದು ಹೋರಿಯನ್ನು ಕೊಂದು ಬಂದಿದ್ದೇನೆ, ಈಗ ಎಲ್ಲ ಸಾಲ ತೀರಿತು, ನೀನು ಸ್ವತಂತ್ರ ಅನ್ನುತ್ತಾನೆ. ಕಣ್ಣು ಕಾಣದ ಮುದಿ ಬಾಲೂ ಪಕ್ಕದಲ್ಲೇ ಇದ್ದಾನೆ. ಎರಡು ಹೋರಿ, ಒಂದು ಶುರುವಿಗೆ, ಒಂದು ಕೊನೆಗೆ. ಇಷ್ಟು ಗಟ್ಟಿ ಕಟ್ಟು ಕೈಯಲ್ಲಿತ್ತು. 78 ನಿಮಿಷದಲ್ಲಿ ನಾಲ್ಕು ರಣಹದ್ದುಗಳ ಹಾಡಿಗೆ ಜಾಗ ಸಿಕ್ಕಿತು, ಇದಕ್ಕೂ ಸಿಗುತ್ತಿತ್ತು.